ಕ್ಯಾಬಿನೆಟ್ ಒಳಗೆ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗ್ಬೇಕು? ಓದುಗರ ಪ್ರಶ್ನೆಗಳು, ಉತ್ತರಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಬಿಸಿ ಆಗೋದ್ರ ಬಗ್ಗೆ, ಅದ್ರಲ್ಲೂ ಕ್ಯಾಬಿನೆಟ್ ಫ್ಯಾನ್ ಎಲ್ಲಿ ಹಾಕ್ಬೇಕು, ಎಷ್ಟು ಹಾಕ್ಬೇಕು ಅನ್ನೋದ್ರ ಬಗ್ಗೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀವಿ.

ಪ್ರಶ್ನೆ: ಸರ್, ನಮ್ಮ ಕಡಿ ಬ್ಯಾಸಗಿ ಬಂತಂದ್ರ ಬಿಸ್ಲು 42 ದಾಟ್ತದ. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕ್ಸೀನಿ. ಕ್ಯಾಬಿನೆಟ್ ಮುಂದ ಪೂರಾ ಗ್ಲಾಸ್ ಅದ, ಅದರ ಹಿಂದ ಮೂರು ಲೈಟಿನ ಫ್ಯಾನ್, ಬೆನ್ನಿಗಿ ಒಂದು. ಗೇಮ್ ಆಡುಮುಂದ ಪ್ರೊಸೆಸರ್ 87 ಡಿಗ್ರಿ, ಕಾರ್ಡ್ 82. ಮ್ಯಾಲ ಎರಡು ಫ್ಯಾನಿನ ಜಾಗ ಖಾಲಿ ಅವ, ಅಲ್ಲಿ ಹಾಕಿಸಿದ್ರ ಇಳೀತದೇನ್ರಿ?
(ಕಲಬುರಗಿಯ ಓದುಗರು)

ಉತ್ತರ: ಫ್ಯಾನ್ ತರೋಕೆ ಮುಂಚೆ ಖರ್ಚಿಲ್ಲದ ಒಂದು ಕೆಲಸ ಮಾಡಿ. ಯಾವ ಗೇಮಲ್ಲಿ 87 ಬರತ್ತೋ ಅದೇ ಗೇಮನ್ನ ಅದೇ ಸೆಟ್ಟಿಂಗಲ್ಲಿ ಅರ್ಧ ಗಂಟೆ ಆಡಿ, ಎಚ್‌ಡಬ್ಲ್ಯೂಇನ್ಫೋ ಥರದ ಸಾಫ್ಟ್‌ವೇರಲ್ಲಿ ಎರಡೂ ಟೆಂಪರೇಚರ್ ನೋಡಿ ಬರ್ಕೊಳ್ಳಿ, ಜೊತೆಗೆ ರೂಮ್ ಎಷ್ಟಿದೆ ಅಂತಾನೂ ಬರ್ಕೊಳ್ಳಿ. ಆಮೇಲೆ ಪಕ್ಕದ ಗ್ಲಾಸ್ ಬಿಚ್ಚಿಟ್ಟು ಇನ್ನೊಂದರ್ಧ ಗಂಟೆ ಆಡಿ. ಬಿಚ್ಚಿದ ಗ್ಲಾಸನ್ನ ಟೈಲ್ಸ್ ಮೇಲೆ ನೇರ ನಿಲ್ಲಿಸ್ಬೇಡಿ, ಟೆಂಪರ್ಡ್ ಗ್ಲಾಸಿನ ಮೂಲೆ ಟೈಲ್ಸಿಗೆ ತಾಗಿದ್ರೆ ಒಂದೇ ಸಲಕ್ಕೆ ಪೂರಾ ಪುಡಿ ಆಗೋ ಚಾನ್ಸ್ ಇದೆ, ಮಂಚದ ಮೇಲೆ ಮಲಗಿಸಿ. ಪಕ್ಕ ತೆಗೆದಾಗ ಎರಡೂ ಏಳೆಂಟು ಡಿಗ್ರಿ ಇಳಿದ್ರೆ ನಿಮ್ಮ ತೊಂದ್ರೆ ಗಾಳಿಯದ್ದೇ. ಕಾರ್ಡ್ ಇಳಿದು ಪ್ರೊಸೆಸರ್ ಮಾತ್ರ ಅಲ್ಲೇ ನಿಂತ್ರೆ ಪ್ರೊಸೆಸರ್ ಕೂಲರ್ ಸಾಲ್ತಿಲ್ಲ ಅಥವಾ ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚೋ ಪೇಸ್ಟ್ ಒಣಗಿದೆ ಅಂತ, ಆವಾಗ ಕ್ಯಾಬಿನೆಟ್‌ಗೆ ಎಷ್ಟು ಫ್ಯಾನ್ ತಂದು ಹಾಕಿದ್ರೂ ಅದು ಇಳಿಯಲ್ಲ. ಈ ಪ್ರೊಸೆಸರಿನ ಜೊತೆ ಡಬ್ಬದಲ್ಲಿ ಬರೋ ಕೂಲರ್ ಚಿಕ್ಕದು, ನಿಮ್ಮೂರಿನ ಬೇಸಿಗೆಗೆ ಅದು ಕಷ್ಟಪಡತ್ತೆ.

ನನ್ನ ಅಂದಾಜಲ್ಲಿ ನಿಮ್ಮ ಅಸಲಿ ಸಮಸ್ಯೆ ಮುಂದಿನ ಗ್ಲಾಸು. ಅದನ್ನೂ ಟೆಸ್ಟ್ ಮಾಡ್ಬಹುದು, ಪಕ್ಕದ್ದನ್ನ ವಾಪಸ್ ಹಾಕಿ ಮುಂದಿನ ಪ್ಯಾನೆಲ್ ಮಾತ್ರ ತೆಗೆದು ಅದೇ ಗೇಮ್ ಆಡಿ. ಗ್ಲಾಸ್ ಇರೋ ಕ್ಯಾಬಿನೆಟ್‌ಗಳಲ್ಲಿ ಗಾಳಿ ಬರೋಕೆ ಅಂತ ಇರೋದು ಗ್ಲಾಸಿಗೂ ಫ್ರೇಮಿಗೂ ನಡುವಿನ ಬೆರಳಗಲದ ಸಂದು ಮಾತ್ರ, ಕೆಲವದ್ರಲ್ಲಿ ಅದೂ ಒಂದೇ ಕಡೆ ಇರತ್ತೆ. ಒಳಗೆ ಮೂರು ಫ್ಯಾನ್ ಜೋರಾಗಿ ತಿರುಗ್ತಾ ಇರತ್ತೆ ಆದ್ರೆ ಎಳ್ಕೊಳ್ಳೋಕೆ ಗಾಳೀನೇ ಇಲ್ಲ, ಹಾಗಾಗಿ ಒಳಗಿನ ಬಿಸಿ ಗಾಳೀನೇ ಫ್ಯಾನಿನ ಅಂಚಿಂದ ವಾಪಸ್ ಮುಂದಕ್ಕೆ ಬಂದು ಮತ್ತೆ ಒಳಗೆ ಹೋಗ್ತಾ ಸುತ್ತತ್ತೆ. ನಮ್ಮ ಹಳೇ ಮನೆಗಳಲ್ಲಿ ಎದುರುಬದುರು ಕಿಟಕಿ ಇಡ್ತಿದ್ರಲ್ಲ, ಒಂದು ಮುಚ್ಚಿದ್ರೆ ಇನ್ನೊಂದ್ರಿಂದಾನೂ ಗಾಳಿ ಆಡಲ್ಲ, ಇಲ್ಲೂ ಅಷ್ಟೇ.

ಸ್ವಲ್ಪ ಲೆಕ್ಕ ಹೇಳ್ತೀನಿ, ಇದು ಗೊತ್ತಿದ್ರೆ ಅಂಗಡೀಲಿ ಯಾರು ಏನ್ ಹೇಳಿದ್ರೂ ನೀವೇ ತೂಗಿ ನೋಡ್ಬಹುದು. ಫ್ಯಾನಿನ ಡಬ್ಬದ ಮೇಲೆ ಸಿಎಫ್ಎಂ ಅಂತ ಬರೆದಿರ್ತಾರೆ, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ತಳ್ಳತ್ತೆ ಅಂತ. ಕ್ಯಾಬಿನೆಟ್ ಒಳಗೆ ಎಷ್ಟು ವ್ಯಾಟ್ ಬಿಸಿ ಹುಟ್ಟತ್ತೋ ಅದನ್ನ 1.76ರಿಂದ ಗುಣಿಸಿ, ಒಳಗಿಂದ ನಿಜವಾಗ್ಲೂ ಹಾದುಹೋಗೋ ಸಿಎಫ್ಎಂ ಇಂದ ಭಾಗಿಸಿದ್ರೆ, ಹೊರಗೆ ಬರೋ ಗಾಳಿ ರೂಮಿಗಿಂತ ಸರಾಸರಿ ಎಷ್ಟು ಡಿಗ್ರಿ ಜಾಸ್ತಿ ಬಿಸಿ ಅನ್ನೋದು ಸಿಗತ್ತೆ. ನಿಮ್ಮ ಕಾರ್ಡಿನ ರೇಟಿಂಗ್ 170 ವ್ಯಾಟ್, ಪ್ರೊಸೆಸರ್ ಪೂರ್ತಿ ಲೋಡಲ್ಲಿ 76ರ ತನಕ ಹೋಗತ್ತೆ, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲಾ ಸೇರಿ 300 ಅಂತಾನೇ ಇಟ್ಕೊಳ್ಳಿ. ಒಳಗೆ 50 ಸಿಎಫ್ಎಂ ಹಾದುಹೋದ್ರೆ ಹತ್ತೂವರೆ ಡಿಗ್ರಿ ಏರಿಕೆ. ಗ್ಲಾಸ್ ಕಟ್ಟಿಹಾಕಿ 25ಕ್ಕೆ ಇಳಿದ್ರೆ 21 ಡಿಗ್ರಿ. ರೂಮೇ 36 ಇದ್ರೆ ಕ್ಯಾಬಿನೆಟ್ ಒಳಗಿನ ಗಾಳಿ 57 ಆಯ್ತು, ಆ ಗಾಳಿ ಹಿಡ್ಕೊಂಡು ಕೂಲರ್ ಪ್ರೊಸೆಸರನ್ನ ತಂಪು ಮಾಡ್ಬೇಕು. ರೈಜನ್ 5600ಕ್ಕೆ ಮಿತಿ 90 ಡಿಗ್ರಿ, ಅಲ್ಲಿಗೆ ಬಂದ್ರೆ ಅದು ತನ್ನ ಸ್ಪೀಡ್ ತಾನೇ ಇಳಿಸ್ಕೊಳ್ಳತ್ತೆ, ಸುಟ್ಟು ಹೋಗಲ್ಲ, ಆದ್ರೆ ಗೇಮ್ ಸಿಕ್ಕಿಹಾಕ್ಕೊಂಡ ಥರ ಆಗತ್ತೆ. ಮತ್ತೆ ಡಬ್ಬದ ಮೇಲಿನ ಸಿಎಫ್ಎಂ ಅನ್ನೋದು ಮುಂದೆ ಹಿಂದೆ ಏನೂ ಅಡ್ಡ ಇಲ್ಲದೆ ಅಳೆದಿದ್ದು. ಜಾಲರಿ, ಫಿಲ್ಟರ್, ಗ್ಲಾಸ್ ಬಂದ ತಕ್ಷಣ ಅದು ಎಷ್ಟೋ ಕಡಿಮೆ ಆಗತ್ತೆ, ಮೂರು ಫ್ಯಾನಿನದ್ದು ಕೂಡಿಸಿ 150 ಅಂದ್ಕೊಳ್ಳೋ ಹಾಗಿಲ್ಲ.

ಹಾಗಾಗಿ ದುಡ್ಡು ಹಾಕೋದಾದ್ರೆ ಮೊದ್ಲು ಮುಂಭಾಗ ಮೆಶ್ ಇರೋ ಕ್ಯಾಬಿನೆಟ್‌ಗೆ ಹಾಕಿ, ಈಗಿರೋ ನಾಲ್ಕು ಫ್ಯಾನನ್ನೇ ಅದಕ್ಕೆ ಬದಲಾಯಿಸ್ಕೊಳ್ಳಿ. ಅದಾಗಲ್ಲ ಅಂದ್ರೆ ಬೇಸಿಗೆ ಮುಗಿಯೋ ತನಕ ಮುಂದಿನ ಗ್ಲಾಸ್ ತೆಗೆದಿಟ್ಟು ತೆಳು ನೈಲಾನ್ ಫಿಲ್ಟರ್ ಕಟ್ಟಿ, ನೋಡೋಕೆ ಅಷ್ಟು ಚೆಂದ ಇರಲ್ಲ ಆದ್ರೆ ಕೆಲ್ಸ ನಡಿಯತ್ತೆ.

ಈಗ ಮೇಲಿನ ಎರಡು ಜಾಗದ ವಿಷ್ಯ. ಒಂದು ಹಾಕಿ, ಹಿಂಭಾಗದ ಹತ್ರ ಇರೋ ಜಾಗದಲ್ಲಿ, ಪ್ರೊಸೆಸರಿನ ನೇರ ಮೇಲೆ, ಗಾಳಿ ಹೊರಗೆ ಹೋಗೋ ಹಾಗೆ. ಮುಂಭಾಗದ ಹತ್ರ ಇರೋದನ್ನ ಖಾಲಿ ಬಿಡಿ. ಯಾಕಂದ್ರೆ ಅಲ್ಲೂ ಹೊರಗೆ ತಳ್ಳೋ ಫ್ಯಾನ್ ಹಾಕಿದ್ರೆ ಮುಂದಿಂದ ಆಗಷ್ಟೇ ಒಳಗೆ ಬಂದ ತಣ್ಣನೆ ಗಾಳಿ ಪ್ರೊಸೆಸರ್ ತನಕ ಹೋಗೋಕೆ ಮುಂಚೇನೇ ಮೇಲಿಂದ ಆಚೆ ಹೋಗ್ಬಿಡತ್ತೆ, ಫ್ಯಾನ್ ತಿರುಗ್ತಿದೆ ಅನ್ನೋ ಸಮಾಧಾನ ಬಿಟ್ರೆ ಉಪಯೋಗ ಇಲ್ಲ. ಬಿಸಿ ಗಾಳಿ ಮೇಲೇರತ್ತೆ, ಅದಕ್ಕೇ ಮೇಲೆಲ್ಲಾ ಹೊರಗೆ ತಳ್ಳೋ ಫ್ಯಾನ್ ಇರ್ಬೇಕು ಅಂತ ತುಂಬಾ ಜನ ಹೇಳ್ತಾರೆ. ಏರೋದು ನಿಜ, ಆದ್ರೆ ಇಷ್ಟು ಚಿಕ್ಕ ಡಬ್ಬದಲ್ಲಿ ಆ ಸೆಳೆತ ತುಂಬಾ ಕಡಿಮೆ, ಒಂದು ಸಾಧಾರಣ 120 ಎಂಎಂ ಫ್ಯಾನ್ ಅದನ್ನ ಸುಲಭವಾಗಿ ಮೀರಿಸತ್ತೆ. ಗಾಳಿ ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ತೀರ್ಮಾನ ಮಾಡೋದು ಫ್ಯಾನು.

ಮುಂದಿನ ಮೂರರಲ್ಲಿ ಕೆಳಗಿನದ್ದು ಗ್ರಾಫಿಕ್ಸ್ ಕಾರ್ಡಿಗೆ ಊಟ ಹಾಕೋ ಫ್ಯಾನು, ಅದರ ಎದುರಿಗೆ ಕೇಬಲ್ ಗಂಟು ಇದ್ರೆ ಮೊದ್ಲು ಅದನ್ನ ಮದರ್‌ಬೋರ್ಡ್ ಹಿಂದಿನ ಕಡೆಗೆ ಸರಿಸಿ ಟ್ಯಾಗ್ ಹಾಕಿ. ಈಗಿನ ಎರಡು ಮೂರು ಫ್ಯಾನಿರೋ ಕಾರ್ಡ್‌ಗಳು ಬಿಸಿ ಗಾಳೀನ ಹೆಚ್ಚೂಕಡಿಮೆ ಪೂರ್ತಿ ಕ್ಯಾಬಿನೆಟ್ ಒಳಗೇ ಬಿಡ್ತವೆ, ಒಂದೇ ಬ್ಲೋವರ್ ಇರೋ ಕಾರ್ಡ್‌ಗಳು ಮಾತ್ರ ಹಿಂದಿಂದ ಆಚೆ ಊದ್ತವೆ.

ಪ್ರಶ್ನೆ: ಫ್ಯಾನನ್ನ ಯಾವ ಕಡೆ ಮುಖ ಮಾಡಿ ಹಾಕ್ಬೇಕು ಅಂತ ಪ್ರತಿ ಸಲ ಗೊಂದಲ ಆಗತ್ತೆ. ಸುಲಭವಾಗಿ ಕಂಡುಹಿಡಿಯೋದು ಹೇಗೆ?
(ಶಿವಮೊಗ್ಗದ ವಿದ್ಯಾರ್ಥಿ)

ಉತ್ತರ: ಫ್ಯಾನ್ ಕೈಯಲ್ಲಿ ಹಿಡಿದು ನೋಡಿ, ಒಂದು ಕಡೆ ರೆಕ್ಕೆಗಳು ಬರೀ ತೆರೆದಿರತ್ತೆ, ಇನ್ನೊಂದು ಕಡೆ ಮಧ್ಯದ ಮೋಟಾರನ್ನ ಫ್ರೇಮಿಗೆ ಹಿಡಿದಿರೋ ಪ್ಲಾಸ್ಟಿಕ್ ಕಡ್ಡಿಗಳಿರತ್ತೆ, ಸ್ಟಿಕ್ಕರ್, ವೈರ್ ಎಲ್ಲಾ ಆ ಕಡೇನೇ. ಗಾಳಿ ತೆರೆದ ಕಡೆಯಿಂದ ಒಳಗೆ ಹೋಗಿ ಕಡ್ಡಿ ಇರೋ ಕಡೆಯಿಂದ ಆಚೆ ಬರತ್ತೆ. ಕೆಲವು ಫ್ರೇಮಿನ ಅಂಚಲ್ಲಿ ಎರಡು ಬಾಣದ ಗುರುತು ಇರತ್ತೆ, ಒಂದು ರೆಕ್ಕೆ ತಿರುಗೋ ದಿಕ್ಕು, ಇನ್ನೊಂದು ಗಾಳಿ ಹೋಗೋ ದಿಕ್ಕು. ಆದ್ರೆ ಇತ್ತೀಚೆಗೆ ರಿವರ್ಸ್ ಬ್ಲೇಡ್ ಅಂತ ಬರ್ತಿವೆ, ಸುಂದರವಾದ ಮುಖ ಗ್ಲಾಸಿನ ಕಡೆ ಕಾಣ್ಲಿ ಅಂತ ರೆಕ್ಕೆ ಉಲ್ಟಾ ಮಾಡಿರೋದು, ಅದರಲ್ಲಿ ಗಾಳಿ ಕಡ್ಡಿ ಕಡೆಯಿಂದ ಒಳಗೆ ಹೋಗತ್ತೆ. ಅದಕ್ಕೇ ಹಾಕಿದ ಮೇಲೆ ಒಂದು ಟಿಶ್ಯೂ ಪೇಪರ್ ಚೂರು ಹಿಡಿದು ನೋಡ್ಬಿಡಿ. ಹೊರಗಿಂದ ಜಾಲರಿಗೆ ಅಂಟಿಕೊಂಡ್ರೆ ಒಳಗೆ ಎಳೀತಿದೆ, ಹಾರಿದ್ರೆ ಹೊರಗೆ ತಳ್ತಿದೆ. ಪ್ರೊಸೆಸರ್ ಮೇಲೆ ಟವರ್ ಕೂಲರ್ ಇದ್ರೆ ಅದರ ಫ್ಯಾನೂ ಮುಂದಿಂದ ಹಿಂದಕ್ಕೆ ಊದ್ತಾ ಇರ್ಬೇಕು, ಇದನ್ನ ಉಲ್ಟಾ ಹಾಕಿರೋದು ಎಷ್ಟೋ ಅಸೆಂಬಲ್ ಮಾಡಿದ ಪಿಸಿಗಳಲ್ಲಿ ಕಾಣತ್ತೆ.

ಪ್ರಶ್ನೆ: ನಮ್ಮ ಮನೆ ಮೇನ್ ರೋಡ್ ಪಕ್ಕ. ಹದಿನೈದು ದಿನಕ್ಕೆ ಒಳಗೆಲ್ಲಾ ಧೂಳು ಕೂತಿರತ್ತೆ. ಪಾಸಿಟಿವ್ ಪ್ರೆಶರ್ ಮಾಡಿದ್ರೆ ಧೂಳೇ ಬರಲ್ಲ ಅಂತಾರೆ, ನಿಜವಾ? ಮುಂದೆ ಎರಡು, ಹಿಂದೆ ಒಂದು, ಮೇಲೆ ಎರಡು ಫ್ಯಾನಿದೆ.
(ಹುಬ್ಬಳ್ಳಿಯ ಓದುಗರು)

ಉತ್ತರ: ಬರಲ್ಲ ಅನ್ನೋದು ಜಾಸ್ತಿ ಆಯ್ತು, ಕಡಿಮೆ ಆಗತ್ತೆ ಅನ್ನೋದು ನಿಜ. ಒಳಗೆ ತರೋ ಗಾಳಿ ಹೊರಗೆ ತಳ್ಳೋದಕ್ಕಿಂತ ಜಾಸ್ತಿ ಇದ್ರೆ ಉಳಿದ ಗಾಳಿ ಸಂದುಗಳಿಂದ ಆಚೆ ಸೋರತ್ತೆ, ಅದು ಪಾಸಿಟಿವ್. ನಿಮ್ಮದ್ರಲ್ಲಿ ಎರಡು ಒಳಗೆ, ಮೂರು ಹೊರಗೆ, ಇದು ನೆಗೆಟಿವ್. ಹೊರಗೆ ತಳ್ಳೋಕೆ ಗಾಳಿ ಸಾಲದೆ ಹಿಂದಿನ ಸ್ಲಾಟ್ ಪಟ್ಟಿ, ಯುಎಸ್‌ಬಿ ಸುತ್ತ, ಪ್ಯಾನೆಲ್ ಅಂಚು, ಎಲ್ಲಾ ಕಡೆಯಿಂದ ಎಳ್ಕೊಳ್ಳತ್ತೆ, ಅಲ್ಲೆಲ್ಲೂ ಫಿಲ್ಟರ್ ಇಲ್ಲ, ಧೂಳು ನೇರ ಒಳಗೆ. ಮೇಲಿನ ಎರಡರಲ್ಲಿ ಮುಂದಿನದ್ದನ್ನ ತೆಗೆದು ಮುಂಭಾಗದಲ್ಲಿ ಜಾಗ ಇದ್ರೆ ಅಲ್ಲಿ ಹಾಕಿ, ಮೂರು ಒಳಗೆ ಎರಡು ಹೊರಗೆ ಆಗತ್ತೆ, ಹೊಸ ಫ್ಯಾನ್ ತರೋದೂ ಬೇಡ.

ಆದ್ರೆ ಬರೀ ಫ್ಯಾನ್ ಎಣಿಸಿ ನಿರ್ಧಾರ ಮಾಡೋ ಹಾಗಿಲ್ಲ. ಮುಂದಿನ ಮೂರಕ್ಕೆ ಫಿಲ್ಟರ್ ಅಡ್ಡ ಇರತ್ತೆ, ಹೊರಗೆ ತಳ್ಳೋ ಎರಡಕ್ಕೆ ಏನೂ ಇರಲ್ಲ, ಹಾಗಾಗಿ ಒಂದೇ ಸ್ಪೀಡಲ್ಲಿ ಓಡಿಸಿದ್ರೆ ಮೂರೂ ಎರಡೂ ಹೆಚ್ಚುಕಮ್ಮಿ ಸಮ ಆಗಿಬಿಡಬಹುದು. ಮದರ್‌ಬೋರ್ಡಿನ ಸೆಟ್ಟಿಂಗ್ ಇರೋ ಬಯೋಸಲ್ಲಿ ಹೊರಗೆ ತಳ್ಳೋದನ್ನ ಸ್ವಲ್ಪ ನಿಧಾನ ಮಾಡಿ. ಆಮೇಲೆ ಹಿಂಬದಿಗೆ ಹೋಗಿ, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಖಾಲಿ ಸ್ಲಾಟಿನ ತೂತುಗಳಿರತ್ತಲ್ಲ, ಅಲ್ಲಿ ಟಿಶ್ಯೂ ಚೂರು ಹಿಡೀರಿ. ಮೆಲ್ಲಗೆ ಆಚೆ ಅಲುಗಾಡಿದ್ರೆ ಪಾಸಿಟಿವ್, ತೂತಿಗೆ ಅಂಟಿಕೊಂಡ್ರೆ ಇನ್ನೂ ನೆಗೆಟಿವ್. ಮುಖ್ಯ ಏನಂದ್ರೆ ಫಿಲ್ಟರ್ ಮೇಲೆ ಧೂಳು ಕೂತಷ್ಟೂ ಒಳಗೆ ಬರೋ ಗಾಳಿ ಕಡಿಮೆ ಆಗಿ ಇವತ್ತು ಪಾಸಿಟಿವ್ ಇದ್ದಿದ್ದು ಎರಡು ತಿಂಗಳಿಗೆ ತಾನಾಗೇ ನೆಗೆಟಿವ್ ಆಗತ್ತೆ. ಮೇನ್ ರೋಡ್ ಪಕ್ಕ ಅಂದ್ರೆ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ನಲ್ಲಿ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಒಳಗೆ ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆನ ಬೆರಳಲ್ಲಿ ಹಿಡ್ಕೊಳ್ಳಿ, ಬಿಟ್ರೆ ಅದು ತನ್ನ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗತ್ತೆ.

ಪ್ರಶ್ನೆ: ಎಸ್‌ಪಿ ರೋಡಿಂದ ನಾಲ್ಕು ಎಆರ್‌ಜಿಬಿ ಫ್ಯಾನ್ ತಂದು ಅಣ್ಣನ ಜೊತೆ ಸೇರಿ ಹಾಕಿದೆ. ಎರಡಕ್ಕೆ 3 ಪಿನ್, ಎರಡಕ್ಕೆ ದೊಡ್ಡ ಮೊಲೆಕ್ಸ್ ಕನೆಕ್ಟರ್. ಎಲ್ಲಾ ಫುಲ್ ಸ್ಪೀಡಲ್ಲಿ ಓಡ್ತಾ ಮಲಗೋಕೆ ಆಗ್ದಷ್ಟು ಸೌಂಡ್. ಸ್ಪೀಡ್ ಇಳಿಸಿದ್ರೆ ಬಿಸಿ ಆಗತ್ತೇನೋ ಅಂತ ಭಯ.
(ಬೆಂಗಳೂರು ವಿಜಯನಗರದ ಓದುಗರು)

ಉತ್ತರ: ಮೊದ್ಲು ಲೈಟಿನ ವೈರ್ ಬಗ್ಗೆ ಹೇಳ್ಬಿಡ್ತೀನಿ, ತಪ್ಪಾದ್ರೆ ಸುಡೋದು ಅದೇ. ಎಆರ್‌ಜಿಬಿ ಅನ್ನೋದು 5 ವೋಲ್ಟ್, ಮೂರು ಪಿನ್, ಒಂದು ಪಿನ್ನಿನ ಜಾಗ ಖಾಲಿ ಇರತ್ತೆ. ಹಳೇ ಆರ್‌ಜಿಬಿ 12 ವೋಲ್ಟ್, ನಾಲ್ಕು ಪಿನ್. ಮದರ್‌ಬೋರ್ಡಲ್ಲಿ ಎರಡೂ ಅಕ್ಕಪಕ್ಕ ಇರತ್ತೆ, 5 ವೋಲ್ಟಿನದ್ದನ್ನ 12ಕ್ಕೆ ಒತ್ತಿ ಹಾಕಿದ್ರೆ ಎಲ್‌ಇಡಿ ಹೋಯ್ತು ಅಂತಾನೇ.

ಈಗ ಸೌಂಡು. ಮೊಲೆಕ್ಸ್ ಅನ್ನೋದು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬ) ಇಂದ ನೇರ 12 ವೋಲ್ಟ್, ಅದಕ್ಕೆ ಕಂಟ್ರೋಲೇ ಇಲ್ಲ, ಕಂಪ್ಯೂಟರ್ ಆನ್ ಆದಾಗಿಂದ ಆಫ್ ಆಗೋ ತನಕ ಫುಲ್ ಸ್ಪೀಡು. 3 ಪಿನ್ನಿನವು ಯಾಕೆ ಫುಲ್ ಓಡ್ತಿವೆ ಅಂದ್ರೆ ಅವು ವೋಲ್ಟೇಜ್ ಇಳಿದ್ರೆ ಮಾತ್ರ ನಿಧಾನ ಆಗ್ತವೆ. ನಿಮ್ಮ ಬೋರ್ಡಿನ ಹೆಡರ್ (ಫ್ಯಾನ್ ವೈರ್ ಸಿಕ್ಕಿಸೋ ಜಾಗ) ನಾಲ್ಕು ಪಿನ್ನಿಂದು, ಪಿಡಬ್ಲ್ಯೂಎಂ ಮೋಡಲ್ಲಿದ್ರೆ ಅದು 12 ವೋಲ್ಟನ್ನ ಹಾಗೇ ಇಟ್ಟು ನಾಲ್ಕನೇ ಪಿನ್ನಲ್ಲಿ ಬೇರೆ ಸಿಗ್ನಲ್ ಕಳಿಸತ್ತೆ, ನಿಮ್ಮ ಫ್ಯಾನಿಗೆ ಆ ನಾಲ್ಕನೇ ವೈರೇ ಇಲ್ಲ. ಬಯೋಸಿಗೆ ಹೋಗಿ ಆ ಹೆಡರನ್ನ ವೋಲ್ಟೇಜನ್ನೇ ಇಳಿಸೋ ಡಿಸಿ ಮೋಡಿಗೆ ಬದಲಾಯಿಸಿ, ಮಾತು ಕೇಳೋಕೆ ಶುರು ಮಾಡತ್ತೆ. ಮೊಲೆಕ್ಸಿನ ಎರಡನ್ನ ಸಾಧ್ಯ ಆದ್ರೆ 4 ಪಿನ್ ಫ್ಯಾನಿಗೆ ಬದಲಾಯಿಸಿ. ಹೆಡರ್ ಸಾಲದಿದ್ರೆ ಒಂದನ್ನೇ ಎರಡು ಮೂರು ಫ್ಯಾನಿಗೆ ಹಂಚೋ ಸ್ಪ್ಲಿಟ್ಟರ್ ಹಾಕ್ಬಹುದು, ಸಾಮಾನ್ಯವಾಗಿ ಒಂದು ಹೆಡರಿಗೆ 1 ಆಂಪಿಯರ್ ಮಿತಿ ಇರತ್ತೆ, ಫ್ಯಾನಿನ ಸ್ಟಿಕ್ಕರಲ್ಲಿ ಎಷ್ಟು ಆಂಪಿಯರ್ ಅಂತ ಬರೆದಿರತ್ತೆ, ಕೂಡಿಸಿ ನೋಡಿ, ನಿಮ್ಮ ಬೋರ್ಡಿನ ಮಿತಿ ಎಷ್ಟು ಅಂತ ಮ್ಯಾನ್ಯುಯಲಲ್ಲಿ ಒಮ್ಮೆ ನೋಡ್ಕೊಳ್ಳಿ.

ಸ್ಪೀಡ್ ಇಳಿಸೋಕೆ ಭಯ ಬೇಡ. ಗಾಳಿ ಸ್ಪೀಡಿಗೆ ಸರಿಯಾಗಿ ಇಳಿಯತ್ತೆ ಆದ್ರೆ ಸೌಂಡ್ ಅದಕ್ಕಿಂತ ತುಂಬಾ ಬೇಗ ಇಳಿಯತ್ತೆ. 1200 ಆರ್‌ಪಿಎಂ ಇಂದ 800ಕ್ಕೆ ತಂದ್ರೆ ಗಾಳಿ ಮೂರರಲ್ಲೊಂದು ಭಾಗ ಕಡಿಮೆ, ಸೌಂಡ್ ಮಾತ್ರ ಸುಮಾರು 9 ಡೆಸಿಬಲ್ ಕಡಿಮೆ, ಅದು ಕಿವಿಗೆ ಹತ್ರತ್ರ ಅರ್ಧ ಆದ ಹಾಗೆ. ಅದೇ ಒಂದೇ ಥರದ ಇನ್ನೊಂದು ಫ್ಯಾನ್ ಅದೇ ಸ್ಪೀಡಲ್ಲಿ ಸೇರಿಸಿದ್ರೆ ಜಾಸ್ತಿ ಆಗೋದು 3 ಡೆಸಿಬಲ್ ಅಷ್ಟೇ. ಹಾಗಾಗಿ ನಿಧಾನಕ್ಕೆ ತಿರುಗೋ ಮೂರು ಫ್ಯಾನು ಜೋರಾಗಿ ತಿರುಗೋ ಒಂದಕ್ಕಿಂತ ಯಾವಾಗ್ಲೂ ಒಳ್ಳೇದು, ಜಾಗ ಇದ್ರೆ 120ರ ಬದ್ಲು 140 ಎಂಎಂ ಹಾಕಿ.

ಇನ್ನೊಂದು, ಬ್ರೌಸರ್ ಓಪನ್ ಮಾಡಿದಾಗೆಲ್ಲಾ ಫ್ಯಾನ್ ಗುಂಯ್ ಅಂತ ಏರಿ ಇಳಿದ್ರೆ ಅದು ಕ್ಯಾಬಿನೆಟ್ ಫ್ಯಾನು ಪ್ರೊಸೆಸರ್ ಟೆಂಪರೇಚರನ್ನ ನೋಡ್ಕೊಂಡು ಓಡ್ತಿರೋದ್ರಿಂದ. ಪ್ರೊಸೆಸರ್ ಒಂದು ಸೆಕೆಂಡಲ್ಲಿ ಹದಿನೈದು ಡಿಗ್ರಿ ಏರಿ ಇಳಿಯತ್ತೆ, ಕ್ಯಾಬಿನೆಟ್ ಒಳಗಿನ ಗಾಳಿ ಅಷ್ಟು ಬೇಗ ಬಿಸಿ ಆಗಲ್ಲ. ಬಯೋಸಲ್ಲಿ ಸ್ಟೆಪ್ ಅಪ್ ಟೈಮ್ (ಫ್ಯಾನ್ ಸ್ಪೀಡ್ ಏರೋಕೆ ತಗೊಳ್ಳೋ ಸಮಯ) ಜಾಸ್ತಿ ಮಾಡಿ, ಇಲ್ಲಾ ವಿಂಡೋಸಲ್ಲಿ ಫ್ಯಾನ್ ಕಂಟ್ರೋಲ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಮುಂದಿನ ಫ್ಯಾನ್‌ಗಳನ್ನ ಗ್ರಾಫಿಕ್ಸ್ ಕಾರ್ಡಿನ ಟೆಂಪರೇಚರಿಗೆ ಕಟ್ಟಿ. ಗೇಮಿಂಗ್ ಪಿಸಿಗೆ ನನಗೆ ತುಂಬಾ ಹಿಡಿಸಿದ ಸೆಟ್ಟಿಂಗ್ ಇದು, ಕೆಲ್ಸ ಮಾಡುವಾಗ ಸದ್ದೇ ಇರಲ್ಲ, ಗೇಮ್ ಶುರುವಾದ್ರೆ ಮೆಲ್ಲಗೆ ಏರತ್ತೆ. ಪ್ರೊಸೆಸರ್ ಕೂಲರಿನ ಫ್ಯಾನ್ ಮಾತ್ರ ಸಿಪಿಯು ಫ್ಯಾನ್ ಅಂತ ಬರೆದಿರೋ ಹೆಡರಿಗೇ ಇರ್ಲಿ, ಅದು ಖಾಲಿ ಇದ್ರೆ ತುಂಬಾ ಬೋರ್ಡ್‌ಗಳು ಆನ್ ಆಗುವಾಗ್ಲೇ ಎರರ್ ತೋರಿಸಿ ನಿಂತುಬಿಡ್ತವೆ.

ಪ್ರಶ್ನೆ: 240 ಎಂಎಂ ಲಿಕ್ವಿಡ್ ಕೂಲರ್ ತೆಗೊಂಡಿದ್ದೇನೆ ಮಾರಾಯ್ರೆ, ರೇಡಿಯೇಟರ್ ಮುಂದೆ ಹಾಕುವುದಾ ಮೇಲೆ ಹಾಕುವುದಾ?
(ಮಂಗಳೂರಿನ ಓದುಗರು)

ಉತ್ತರ: ಗೇಮ್ ಜಾಸ್ತಿ ಅಂದ್ರೆ ಮೇಲೆ, ಗಾಳಿ ಹೊರಗೆ ಹೋಗೋ ಹಾಗೆ. ಮುಂದೆ ಹಾಕಿದ್ರೆ ಪ್ರೊಸೆಸರಿಗೆ ತಾಜಾ ಗಾಳಿ ಸಿಕ್ಕಿ ಕೆಲವು ಡಿಗ್ರಿ ಇಳಿಯತ್ತೆ, ಆದ್ರೆ ಅದರ ಬಿಸಿಯೆಲ್ಲಾ ಒಳಗೆ ಬಂದು ಗ್ರಾಫಿಕ್ಸ್ ಕಾರ್ಡಿಗೆ ಹೊಡೆಯತ್ತೆ. ಕಾರ್ಡ್ ಇಲ್ಲದೆ ಬರೀ ಪ್ರೊಸೆಸರ್ ಕೆಲ್ಸ ಇದ್ರೆ ಮುಂದೆ ಹಾಕಿ ಪರವಾಗಿಲ್ಲ, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರ್ಬೇಕು ಅಷ್ಟೇ. ಒಳಗಿರೋ ಗಾಳಿಗುಳ್ಳೆ ಯಾವಾಗ್ಲೂ ಎತ್ತರದ ಜಾಗಕ್ಕೆ ಹೋಗಿ ಕೂರತ್ತೆ, ಅದು ಪಂಪಲ್ಲಿ ಕೂತ್ರೆ ಗೊರಗೊರ ಸದ್ದು ಬಂದು ಪಂಪ್ ಬೇಗ ಹೋಗತ್ತೆ. ರೇಡಿಯೇಟರಿಗೆ ಹಾಕೋ ಫ್ಯಾನಲ್ಲಿ ಸಿಎಫ್ಎಂಗಿಂತ ಸ್ಟ್ಯಾಟಿಕ್ ಪ್ರೆಶರ್ ಸಂಖ್ಯೆ ನೋಡಿ, ಒತ್ತೊತ್ತಾದ ತಗಡಿನ ನಡುವೆ ಗಾಳಿ ನುಗ್ಗಿಸೋದು ಅದೇ.

ಪ್ರಶ್ನೆ: ಮಗನ ಕಂಪ್ಯೂಟರನ್ನ ಟೇಬಲ್ ಕೆಳಗಿನ ಖಾನೆಯಲ್ಲಿ ಇಟ್ಟಿದೀವಿ, ಮೂರು ಕಡೆ ಮರ, ಹಿಂದೆ ಗೋಡೆ. ಫ್ಯಾನೆಲ್ಲಾ ಸರಿ ಇದೆ ಅಂತಾನೆ, ಆದ್ರೂ ಖಾನೆ ಒಳಗೆ ಕೈ ಹಾಕಿದ್ರೆ ಒಲೆ ಮುಂದೆ ಇಟ್ಟ ಹಾಗೆ ಬಿಸಿ.
(ಮೈಸೂರಿನ ಓದುಗರು)

ಉತ್ತರ: ನಿಮ್ಮ ಕೈಗೆ ಗೊತ್ತಾಗಿದ್ದೇ ಉತ್ತರ ಅಮ್ಮ. ಹಿಂದಿಂದ ಬಂದ ಬಿಸಿ ಗಾಳಿ ಗೋಡೆಗೆ ಹೊಡೆದು ಖಾನೆ ಒಳಗೇ ಸುತ್ತಿ ಮತ್ತೆ ಮುಂದಿಂದ ಒಳಗೆ ಹೋಗ್ತಿದೆ, ಒಳಗಿನ ಫ್ಯಾನ್ ಎಷ್ಟು ಚೆನ್ನಾಗಿ ಜೋಡಿಸಿದ್ರೂ ಅದಕ್ಕೆ ಸಿಗೋದು ಅದೇ ಬಿಸಿ ಗಾಳಿ. ಖಾನೆಯ ಹಿಂದಿನ ಹಲಗೆ ಇದ್ರೆ ಬಿಚ್ಚಿಸಿ, ಟೇಬಲನ್ನ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೀರಿ, ಖಾನೆಗೆ ಬಾಗಿಲಿದ್ರೆ ಕಂಪ್ಯೂಟರ್ ಆನ್ ಇರುವಾಗ ಮುಚ್ಬೇಡಿ. ಆಚೆ ತಂದು ಟೇಬಲ್ ಪಕ್ಕ ಚಿಕ್ಕ ಸ್ಟೂಲ್ ಮೇಲೆ ಇಟ್ರೆ ಇನ್ನೂ ಒಳ್ಳೇದು. ಕೆಳಗೆ ಕಾರ್ಪೆಟ್ ಅಥವಾ ಚಾಪೆ ಹಾಕ್ಬೇಡಿ, ಈಗಿನ ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಕೆಳಗಿರತ್ತೆ, ಅದರ ಫ್ಯಾನ್ ತಳದ ಜಾಲರಿಯಿಂದ ಗಾಳಿ ಎಳ್ಕೊಳ್ಳತ್ತೆ. ಅದು ಕೆಳಗಿದ್ದೂ ತಳದಲ್ಲಿ ಜಾಲರಿ ಇಲ್ಲದ ಹಳೇ ಕ್ಯಾಬಿನೆಟ್ ಆದ್ರೆ ಎಸ್‌ಎಂಪಿಎಸ್ ಫ್ಯಾನ್ ಮೇಲ್ಮುಖ ಇರ್ಬೇಕು, ಇದನ್ನ ಮಗನ ಹತ್ರ ಒಂದ್ಸಲ ನೋಡೋಕೆ ಹೇಳಿ.

ಪ್ರಶ್ನೆ: ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟು ಓಡಿಸಿದ್ರೆ ಈ ತಲೆನೋವೇ ಇಲ್ಲ ಅಲ್ವಾ?
(ದಾವಣಗೆರೆಯ ಓದುಗರು)

ಉತ್ತರ: ಒಂದು ಫ್ಯಾನ್ ಕೆಟ್ಟು ಹೊಸದು ಬರೋ ತನಕ ನಾಲ್ಕು ದಿನ ಓಡಿಸೋಕೆ ಪರವಾಗಿಲ್ಲ. ಖಾಯಂ ಆಗಿ ಬೇಡ. ಧೂಳು ಫಿಲ್ಟರ್ ಇಲ್ಲದೆ ಬೋರ್ಡ್ ಮೇಲೆ ಕೂರತ್ತೆ, ಮಳೆಗಾಲದಲ್ಲಿ ಅದೇ ಧೂಳು ತೇವ ಹಿಡ್ಕೊಳ್ಳತ್ತೆ, ಹಲ್ಲಿ, ಜಿರಳೆ ಬೆಚ್ಚಗಿನ ಜಾಗ ಹುಡುಕ್ಕೊಂಡು ಬರ್ತವೆ, ಮನೇಲಿ ಚಿಕ್ಕ ಮಕ್ಕಳಿದ್ರೆ ತಿರುಗೋ ಫ್ಯಾನಿಗೆ ಬೆರಳು ಹಾಕೋ ಭಯ ಬೇರೆ. ಪಕ್ಕ ತೆಗೆದಾಗ ಟೆಂಪರೇಚರ್ ಚೆನ್ನಾಗಿ ಇಳೀತಿದೆ ಅಂದ್ರೆ ನಿಮ್ಮ ಕ್ಯಾಬಿನೆಟ್‌ಗೆ ಗಾಳಿ ಒಳಗೆ ಬರೋ ದಾರಿ ಕಟ್ಟಿದೆ, ಮುಂದಿನ ಪ್ಯಾನೆಲ್ ಮತ್ತು ಫಿಲ್ಟರ್ ಇವತ್ತೇ ಬಿಚ್ಚಿ ನೋಡಿ.